ಒಂದೇ ಹೆಸರು, ಬೇರೆ ಬೇರೆ ಜೀನ್: ಗಾಯ ಮತ್ತು ಮೂತ್ರನಾಳದ ಸೋಂಕಿನ ಬ್ಯಾಕ್ಟೀರಿಯಾಗಳ ಉಗ್ರತೆಯನ್ನು ಹತ್ತನೇ ತರಗತಿಗೆ ಬೋಧಿಸುವ ಬಗೆ

ತರಗತಿ: 10, ಕನ್ನಡ ಮಾಧ್ಯಮ
ವಿಷಯ: ವಿಜ್ಞಾನ (ವಿಸರ್ಜನೆ, ಅನುವಂಶೀಯತೆ ಮತ್ತು ಪಿಎಚ್ ಪಾಠಗಳಿಗೆ ಪೂರಕ)
ಅವಧಿ: 40 ನಿಮಿಷಗಳ 3 ಅವಧಿಗಳು

ಪೀಠಿಕೆ

ಎಂಟನೇ ತರಗತಿಯಲ್ಲಿ ಮಕ್ಕಳು ಸೂಕ್ಷ್ಮಜೀವಿಗಳನ್ನು ಮಿತ್ರ ಮತ್ತು ಶತ್ರು ಎಂದು ಎರಡು ಪಟ್ಟಿ ಮಾಡಿ ಕಲಿಯುತ್ತಾರೆ. ಮೊಸರಿನ ಲ್ಯಾಕ್ಟೊಬ್ಯಾಸಿಲಸ್ ಒಂದು ಕಡೆ, ಕಾಲರಾ ಮತ್ತು ಕ್ಷಯದ ಬ್ಯಾಕ್ಟೀರಿಯಾಗಳು ಇನ್ನೊಂದು ಕಡೆ. ಆ ವಯಸ್ಸಿಗೆ ಅಷ್ಟು ಸಾಕು. ಆದರೆ ಹತ್ತನೇ ತರಗತಿಗೆ ಬರುವ ಹೊತ್ತಿಗೆ ಈ ಎರಡು ಪಟ್ಟಿಗಳೇ ಮುಂದಿನ ಕಲಿಕೆಗೆ ಅಡ್ಡಿಯಾಗುತ್ತವೆ. ಮನೆಮನೆಯಲ್ಲೂ ಕಾಣುವ ಎರಡು ಸೋಂಕುಗಳಾದ ಗಾಯದ ಕೀವು ಮತ್ತು ಉರಿಮೂತ್ರವನ್ನು ಅವುಗಳಿಂದ ವಿವರಿಸಲು ಆಗುವುದಿಲ್ಲ. ಇವನ್ನು ಹೆಚ್ಚಾಗಿ ಉಂಟುಮಾಡುವ ಬ್ಯಾಕ್ಟೀರಿಯಾಗಳು ಹೊರಗಿನ ಶತ್ರುಗಳಲ್ಲ. ಎಶ್ಚರಿಚಿಯ ಕೋಲೈ ನಮ್ಮ ಕರುಳಿನ ನಿತ್ಯವಾಸಿ. ಸ್ಟೆಫೈಲೊಕಾಕಸ್ ಆರಿಯಸ್ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ.

ಹಾಗಾದರೆ ಅದೇ ಜೀವಿ ರೋಗ ತರುವುದು ಯಾವಾಗ? ಇದಕ್ಕೆ ಉತ್ತರ ಎರಡು ಭಾಗದಲ್ಲಿದೆ: ಅದರ ಬಳಿ ಯಾವ ಜೀನ್‌ಗಳಿವೆ, ಮತ್ತು ಅದು ಯಾವ ಜಾಗದಲ್ಲಿದೆ. ಬ್ಯಾಕ್ಟೀರಿಯಾಕ್ಕೆ ದೇಹದಲ್ಲಿ ಅಂಟಿಕೊಳ್ಳಲು, ಆಹಾರ ಕಸಿಯಲು, ಜೀವಕೋಶಗಳನ್ನು ಘಾಸಿಗೊಳಿಸಲು, ರಕ್ಷಣಾ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಲು ನೆರವಾಗುವ ಜೀನ್‌ಗಳನ್ನು ಉಗ್ರತೆಯ ಜೀನ್‌ಗಳು ಎನ್ನುತ್ತೇವೆ. ಅಭ್ಯಾಸ ಬೋಧನೆಯಲ್ಲಿ ಈ ಪಾಠವನ್ನು ನಾನು ಮೂರು ಅವಧಿಗಳಲ್ಲಿ ತೆಗೆದುಕೊಂಡೆ. ಅದರ ವಿಷಯ ವಿಶ್ಲೇಷಣೆ, ಚಟುವಟಿಕೆಗಳು ಮತ್ತು ಮಕ್ಕಳ ಪ್ರಶ್ನೆಗಳಿಂದ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು:
1. ಒಂದೇ ಪ್ರಭೇದದ ಎಲ್ಲ ತಳಿಗಳೂ ಒಂದೇ ರೀತಿ ವರ್ತಿಸುವುದಿಲ್ಲ ಏಕೆ ಎಂದು ಉದಾಹರಣೆಯೊಡನೆ ವಿವರಿಸುವನು/ಳು.
2. ಉಗ್ರತೆಯ ಜೀನ್‌ಗಳನ್ನು ಅವು ಮಾಡುವ ಕೆಲಸದ ಆಧಾರದಲ್ಲಿ ನಾಲ್ಕು ಗುಂಪುಗಳಾಗಿ ವಿಂಗಡಿಸುವನು/ಳು.
3. ಉಗ್ರತೆಗೂ ಔಷಧ ಪ್ರತಿರೋಧಕ್ಕೂ ಇರುವ ವ್ಯತ್ಯಾಸವನ್ನು ಹೇಳುವನು/ಳು.
4. ನೀರು ಕುಡಿಯುವುದು ಮತ್ತು ಮೂತ್ರ ತಡೆಹಿಡಿಯದಿರುವುದು ಏಕೆ ಮುಖ್ಯ ಎಂಬುದಕ್ಕೆ ಜೈವಿಕ ಕಾರಣ ಕೊಡುವನು/ಳು.

ಪೂರ್ವಜ್ಞಾನ ಪರೀಕ್ಷೆ

ಮೂರು ಪ್ರಶ್ನೆಗಳು ಸಾಕು. ಮೂತ್ರಪಿಂಡದಿಂದ ಮೂತ್ರ ಹೊರಬರುವ ದಾರಿಯನ್ನು ಕ್ರಮವಾಗಿ ಹೇಳಿ. ಜೀನ್ ಯಾವುದರ ಉತ್ಪಾದನೆಗೆ ಮಾಹಿತಿ ಕೊಡುತ್ತದೆ? ಇ. ಕೋಲೈ ಮಿತ್ರವೋ ಶತ್ರುವೋ? ಮೊದಲೆರಡು ಪ್ರಶ್ನೆಗಳಿಗೆ ತರಗತಿ ಒಮ್ಮತದಿಂದ ಉತ್ತರಿಸಿತು. ಮೂರನೆಯದಕ್ಕೆ ತರಗತಿ ಎರಡು ಬಣವಾಯಿತು. ಪಾಠದ ಉಳಿದ ಭಾಗಕ್ಕೆ ಆ ಜಗಳವೇ ಪ್ರೇರಣೆ. ಶಿಕ್ಷಕರು ಅಲ್ಲೇ ತೀರ್ಪು ಕೊಡದೆ, ಎರಡೂ ಬಣದ ಕಾರಣಗಳನ್ನು ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಬರೆದು ಹಾಗೇ ಉಳಿಸಿಕೊಳ್ಳುವುದು ಒಳ್ಳೆಯದು.

ವಿಷಯ ವಿಶ್ಲೇಷಣೆ

*ಅ) ಮೂತ್ರಕೋಶಕ್ಕೆ ಬಂದ ಇ. ಕೋಲೈ*

ಜರ್ಮನಿಯ ಮಕ್ಕಳ ವೈದ್ಯ ಥಿಯೋಡರ್ ಎಶ್ಚರಿಚ್ 1885ರಲ್ಲಿ ಶಿಶುಗಳ ಮಲದಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಇಂದು ಸಾಮಾನ್ಯ ಮೂತ್ರನಾಳದ ಸೋಂಕುಗಳಲ್ಲಿ ಬಹುಪಾಲಿಗೆ ಇದರ ಕೆಲವು ತಳಿಗಳೇ ಕಾರಣ. ಕರುಳಿನಿಂದ ಹೊರಬಂದ ಬ್ಯಾಕ್ಟೀರಿಯಾ ಮೂತ್ರದ್ವಾರದ ಮೂಲಕ ಮೇಲೇರಬೇಕು. ಹೆಂಗಸರಲ್ಲಿ ಆ ಹಾದಿ ಸುಮಾರು 4 ಸೆಂ.ಮೀ., ಗಂಡಸರಲ್ಲಿ ಸುಮಾರು 20 ಸೆಂ.ಮೀ. ಹೆಂಗಸರಲ್ಲಿ ಈ ಸೋಂಕು ಹೆಚ್ಚಾಗಿರುವುದಕ್ಕೆ ಈ ಅಳತೆ ಒಂದು ಮುಖ್ಯ ಕಾರಣ.

ಮೂತ್ರಕೋಶ ಬ್ಯಾಕ್ಟೀರಿಯಾಕ್ಕೆ ಸುಲಭದ ಮನೆಯಲ್ಲ. ಆಗಾಗ ಹೊಳೆಯಂತೆ ಮೂತ್ರ ಹರಿದು ಎಲ್ಲವನ್ನೂ ತೊಳೆಯುತ್ತದೆ. ಅಲ್ಲಿ ಕಬ್ಬಿಣ ತೀರಾ ಕಡಿಮೆ. ಬಿಳಿ ರಕ್ತಕಣಗಳ ಕಾವಲೂ ಇದೆ. ಇಲ್ಲಿ ನೆಲೆಯೂರುವ ತಳಿಗಳ ಬಳಿ ಈ ಒಂದೊಂದು ತೊಡಕಿಗೂ ಒಂದೊಂದು ಉಪಕರಣವಿದೆ.

ಮೊದಲನೆಯದು ಅಂಟು. ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಅವುಗಳ ತುದಿಯಲ್ಲಿರುವ ಫಿಮ್‌ಎಚ್ ಎಂಬ ಪ್ರೋಟೀನ್, ಮೂತ್ರಕೋಶದ ಒಳಗೋಡೆಯ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಇದರ ವಿಶೇಷವೆಂದರೆ, ಹರಿವು ಎಳೆದಷ್ಟೂ ಈ ಹಿಡಿತ ಬಿಗಿಯಾಗುತ್ತದೆ. ಎಳೆದಾಗ ಜೀರುಗುಣಿಕೆ ಬಿಗಿಯುವುದನ್ನು ಬಲ್ಲ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಪ್ಯಾಪ್ ಜೀನ್‌ಗಳು ರೂಪಿಸುವ ಇನ್ನೊಂದು ಬಗೆಯ ಎಳೆ ಮೂತ್ರಪಿಂಡದ ಜೀವಕೋಶಗಳ ಮೇಲಿನ ಬೇರೆ ಸಕ್ಕರೆಗೆ ಅಂಟುತ್ತದೆ. ಇಂಥ ತಳಿಗಳು ಮೂತ್ರಪಿಂಡದ ಸೋಂಕಿನಲ್ಲಿ ಹೆಚ್ಚಾಗಿ ಸಿಗುತ್ತವೆ. ತುದಿಯ ಪ್ರೋಟೀನ್ ಬದಲಾದರೆ ಬ್ಯಾಕ್ಟೀರಿಯಾ ತಲುಪುವ ವಿಳಾಸವೂ ಬದಲಾಗುತ್ತದೆ.

ಎರಡನೆಯದು ಕಬ್ಬಿಣ ಕಸಿಯುವ ಅಣುಗಳು. ಇವನ್ನು ಸಿಡರೊಫೋರ್ ಎನ್ನುತ್ತಾರೆ. ಬ್ಯಾಕ್ಟೀರಿಯಾ ಇವನ್ನು ಹೊರಗೆ ಬಿಟ್ಟು, ಕಬ್ಬಿಣ ಹಿಡಿದ ಮೇಲೆ ಒಳಗೆಳೆದುಕೊಳ್ಳುತ್ತದೆ. ನಮ್ಮ ದೇಹವೂ ಸುಮ್ಮನಿಲ್ಲ. ಲಿಪೊಕ್ಯಾಲಿನ್ ಎಂಬ ಪ್ರೋಟೀನ್ ಎಂಟರೊಬ್ಯಾಕ್ಟಿನ್ ಎಂಬ ಸಿಡರೊಫೋರನ್ನು ನಡುದಾರಿಯಲ್ಲೇ ಹಿಡಿದುಹಾಕುತ್ತದೆ. ರೋಗಕಾರಕ ತಳಿಗಳು ಲಿಪೊಕ್ಯಾಲಿನ್‌ಗೆ ಸಿಗದಂತೆ ಮಾರ್ಪಟ್ಟ ಬೇರೆ ಸಿಡರೊಫೋರ್‌ಗಳನ್ನು ತಯಾರಿಸುತ್ತವೆ.

ಮೂರನೆಯದು ಹೀಮೊಲೈಸಿನ್ ಎಂಬ ವಿಷ. ಇದು ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ.

ಇಲ್ಲಿ ಅನುವಂಶೀಯತೆಯ ಪಾಠಕ್ಕೆ ನೇರವಾಗಿ ಸೇರುವ ಒಂದು ಅಂಶವಿದೆ. ಜೀನ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದು ಅರ್ಥವಲ್ಲ. ಫಿಮ್ ಜೀನ್‌ಗಳ ಮುಂದೆ 314 ಬೇಸ್ ಜೋಡಿಗಳ ಒಂದು ಡಿಎನ್‌ಎ ತುಣುಕಿದೆ. ಅದು ಒಂದು ದಿಕ್ಕಿಗಿದ್ದರೆ ಎಳೆಗಳು ಹುಟ್ಟುತ್ತವೆ. ಮಗುಚಿ ಕೂತರೆ ಹುಟ್ಟುವುದಿಲ್ಲ. ಥೇಟ್ ಗೋಡೆಯ ಸ್ವಿಚ್ಚಿನಂತೆ. ಹೀಗಾಗಿ ಒಂದೇ ತಾಯಿಕೋಶದಿಂದ ಬಂದ ಬ್ಯಾಕ್ಟೀರಿಯಾಗಳಲ್ಲೇ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ.

*ಆ) ಗಾಯದಲ್ಲಿ ಸ್ಟೆಫೈಲೊಕಾಕಸ್*

ಸ್ಕಾಟ್ಲೆಂಡಿನ ಅಬರ್ಡೀನ್‌ನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರಲ್ಲಿ ಕೀವಿನಲ್ಲಿ ದುಂಡು ಬ್ಯಾಕ್ಟೀರಿಯಾಗಳನ್ನು ಕಂಡರು. ದ್ರಾಕ್ಷಿ ಗೊಂಚಲಿನಂತಿದ್ದ ಅವಕ್ಕೆ 1882ರಲ್ಲಿ ಸ್ಟೆಫೈಲೊಕಾಕಸ್ ಎಂದು ಹೆಸರಿಟ್ಟರು. ಚರ್ಮ ಗಟ್ಟಿಯಾಗಿರುವವರೆಗೆ ಇದಕ್ಕೆ ಒಳದಾರಿ ಇಲ್ಲ. ಗಾಯವಾದಾಗ ದಾರಿ ತೆರೆಯುತ್ತದೆ.

ಇದರ ಉಪಕರಣಗಳು ಇ. ಕೋಲೈಗಿಂತ ಬೇರೆ. ಕೊಆಗ್ಯುಲೇಸ್ ಎಂಬ ಪ್ರೋಟೀನ್ ನಮ್ಮದೇ ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಬಳಸಿಕೊಂಡು ಬ್ಯಾಕ್ಟೀರಿಯಾದ ಸುತ್ತ ಗೋಡೆ ಕಟ್ಟುತ್ತದೆ. ಪ್ರೋಟೀನ್-ಎ ನಮ್ಮ ಪ್ರತಿಕಾಯಗಳನ್ನು ಬಾಲದ ಕಡೆಯಿಂದ ಹಿಡಿದುಕೊಳ್ಳುತ್ತದೆ. ಬಿಳಿ ರಕ್ತಕಣಗಳು ಗುರುತಿಸುವುದೇ ಆ ಬಾಲವನ್ನಾದ್ದರಿಂದ, ಹಾಗೆ ತಿರುವುಮುರುವಾಗಿ ಕೂತ ಪ್ರತಿಕಾಯ ಪ್ರಯೋಜನಕ್ಕೆ ಬರುವುದಿಲ್ಲ. ಆಲ್ಫಾ ವಿಷದ ಏಳು ಅಣುಗಳು ಸೇರಿ ಜೀವಕೋಶದ ಪೊರೆಯಲ್ಲಿ ಒಂದು ರಂಧ್ರವಾಗುತ್ತವೆ.

ಇವೆಲ್ಲವೂ ಒಟ್ಟಿಗೆ ಹೊರಬರುವುದಿಲ್ಲ. ಬ್ಯಾಕ್ಟೀರಿಯಾಗಳು ಒಂದು ಸಣ್ಣ ಸಂಕೇತ ಅಣುವನ್ನು ಬಿಡುತ್ತಿರುತ್ತವೆ. ಸಂಖ್ಯೆ ಕಡಿಮೆ ಇರುವಾಗ ಅಂಟುವ ಪ್ರೋಟೀನ್‌ಗಳ ಉತ್ಪಾದನೆ ಹೆಚ್ಚು. ಸಂಖ್ಯೆ ಬೆಳೆದು ಸಂಕೇತ ದಟ್ಟವಾದಾಗ ವಿಷಗಳ ಜೀನ್‌ಗಳು ಚುರುಕಾಗುತ್ತವೆ. ಗಾಯವನ್ನು ಬೇಗನೆ ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು ಎಂಬ ಮಾತಿಗೆ ಇದು ಒಳ್ಳೆಯ ಬೆಂಬಲ. ಬ್ಯಾಕ್ಟೀರಿಯಾ ಗುಂಪು ಸೇರುವ ಮೊದಲೇ ಅದರ ಸಂಖ್ಯೆಯನ್ನು ಇಳಿಸಿದಂತಾಗುತ್ತದೆ.

ಗಾಯದ ಇನ್ನೊಂದು ಬ್ಯಾಕ್ಟೀರಿಯಾ ಧನುರ್ವಾಯುವಿನದು. ಅದರ ವಿಷದ ಜೀನ್ ಇರುವುದು ಮುಖ್ಯ ವರ್ಣತಂತುವಿನಲ್ಲಲ್ಲ, ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರದಲ್ಲಿ. ಆ ಉಂಗುರ ಇಲ್ಲದ ತಳಿ ಧನುರ್ವಾಯು ತರಲಾರದು.

*ಇ) ಜೀನ್‌ಗಳು ಬಂದದ್ದೆಲ್ಲಿಂದ?*

ಉಗ್ರತೆಯ ಜೀನ್‌ಗಳು ಅನೇಕ ವೇಳೆ ಗುಂಪಾಗಿ, ಒಂದೇ ದೊಡ್ಡ ತುಂಡಿನಲ್ಲಿ ಸಿಗುತ್ತವೆ. ಜರ್ಮನಿಯ ಯೋರ್ಗ್ ಹ್ಯಾಕರ್ ಮತ್ತು ಸಂಗಡಿಗರು ಮೂತ್ರನಾಳದ ಸೋಂಕಿನ ಇ. ಕೋಲೈ 536 ಎಂಬ ತಳಿಯಲ್ಲಿ ಇದನ್ನು ಅಧ್ಯಯನ ಮಾಡಿ, ಅಂಥ ತುಂಡುಗಳನ್ನು ರೋಗಕಾರಕ ದ್ವೀಪಗಳು ಎಂದು ಕರೆದರು. ಇವು ಬೇರೆ ಬ್ಯಾಕ್ಟೀರಿಯಾಗಳಿಂದ ಅಡ್ಡಹಾಯ್ದು ಬಂದ ಆಸ್ತಿ. ತಾಯಿಕೋಶದಿಂದ ಮರಿಕೋಶಕ್ಕೆ ಇಳಿದುಬರುವ ಅನುವಂಶೀಯತೆಯನ್ನಷ್ಟೇ ಕಲಿತ ಮಕ್ಕಳಿಗೆ ಇದು ಹೊಸ ಸಂಗತಿ.

2002ರಲ್ಲಿ ವಿಜ್ಞಾನಿಗಳು ಇ. ಕೋಲೈನ ಮೂರು ತಳಿಗಳನ್ನು ಹೋಲಿಸಿದರು: ಪ್ರಯೋಗಾಲಯದ ನಿರುಪದ್ರವಿ ಕೆ-12, ರಕ್ತಭೇದಿ ತರುವ ಒಂದು ತಳಿ, ಮೂತ್ರಪಿಂಡದ ಸೋಂಕಿನ ರೋಗಿಯಿಂದ ಪಡೆದ ಸಿಎಫ್‌ಟಿ073. ಮೂರರ ಒಟ್ಟು ಪ್ರೋಟೀನ್‌ಗಳಲ್ಲಿ ಮೂರಕ್ಕೂ ಸಮಾನವಾದವು ಶೇ. 39.2 ಮಾತ್ರ. ಒಂದೇ ಹೆಸರಿನ ಮೂರು ಜೀವಿಗಳ ನಡುವೆ ಇಷ್ಟು ಅಂತರ! ಈ ಒಂದು ಅಂಕಿಯನ್ನು ಹಲಗೆಯ ಮೇಲೆ ಬರೆದಾಗ, ಮಿತ್ರ-ಶತ್ರು ಜಗಳದ ಎರಡೂ ಬಣಗಳು ತಾವು ಬೇರೆ ಬೇರೆ ತಳಿಗಳ ಬಗ್ಗೆ ಮಾತಾಡುತ್ತಿದ್ದೆವು ಎಂದು ತಾವೇ ಹೇಳಿದವು.

*ಈ) ಜಾಗವೂ ಮುಖ್ಯ*

ಆದರೆ "ಈ ಜೀನ್ ಇದ್ದರೆ ಕೆಟ್ಟದ್ದು" ಎಂಬ ಹೊಸ ಪಟ್ಟಿಗೆ ಮಕ್ಕಳು ಜಾರದಂತೆ ನೋಡಿಕೊಳ್ಳಬೇಕು. 1917ರಲ್ಲಿ ಆಲ್ಫ್ರೆಡ್ ನಿಸ್ಸೆಲ್ ಎಂಬ ಜರ್ಮನ್ ವೈದ್ಯರು, ಸುತ್ತಲಿನವರಿಗೆ ಭೇದಿಯಾದರೂ ತಾನು ಆರೋಗ್ಯವಾಗಿದ್ದ ಒಬ್ಬ ಸೈನಿಕನ ಕರುಳಿನಿಂದ ಒಂದು ಇ. ಕೋಲೈ ತಳಿಯನ್ನು ಬೇರ್ಪಡಿಸಿದರು. ಅದು ಇಂದಿಗೂ ಕರುಳಿನ ಆರೋಗ್ಯಕ್ಕೆ ಕೊಡುವ ಔಷಧವಾಗಿ ಬಳಕೆಯಲ್ಲಿದೆ. ಜೀನ್‌ಗಳನ್ನು ನೋಡಿದರೆ ಅದು ಸಿಎಫ್‌ಟಿ073ರ ಹತ್ತಿರದ ಸಂಬಂಧಿ. ಕಬ್ಬಿಣ ಹಿಡಿಯುವ ಹಲವು ಜೀನ್‌ಗಳು ಎರಡರಲ್ಲೂ ಇವೆ. ಕರುಳಿನಲ್ಲಿ ಬದುಕಲು ನೆರವಾಗುವ ಗುಣವೇ ಮೂತ್ರಕೋಶದಲ್ಲಿ ರೋಗಕ್ಕೂ ನೆರವಾಗಬಲ್ಲದು.

ಹಾಗಾದರೆ ಒಂದು ಜೀನ್ ನಿಜವಾಗಿಯೂ ರೋಗಕ್ಕೆ ಕಾರಣವೆಂದು ಹೇಗೆ ಸಾಧಿಸುವುದು? 1988ರಲ್ಲಿ ಸ್ಟಾನ್ಲಿ ಫಾಲ್ಕೋ ಇದಕ್ಕೆ ನಿಯಮಗಳನ್ನು ಕೊಟ್ಟರು. ಅವನ್ನು ತರಗತಿಗೆ ಮೂರು ಪ್ರಶ್ನೆಗಳಾಗಿ ಇಳಿಸಬಹುದು. ಆ ಗುಣ ರೋಗಕಾರಕ ತಳಿಗಳಲ್ಲಿ ಕಾಣುತ್ತದೆಯೇ? ಜೀನನ್ನು ಕೆಡಿಸಿದರೆ ರೋಗಶಕ್ತಿ ಇಳಿಯುತ್ತದೆಯೇ? ಮರಳಿ ಸರಿಪಡಿಸಿದರೆ ರೋಗಶಕ್ತಿ ಮರಳುತ್ತದೆಯೇ? ಮನೆಯ ದೀಪ ಆರಿದಾಗ ಫ್ಯೂಸ್ ತೆಗೆದು, ಮತ್ತೆ ಹಾಕಿ ಪರೀಕ್ಷಿಸುವ ತರ್ಕವೇ ಇಲ್ಲೂ ಇದೆ.

ಚಟುವಟಿಕೆಗಳು

ಶಾಲೆಯಲ್ಲಿ ಕೀವು, ಮೂತ್ರ ಅಥವಾ ಅದರ ಬ್ಯಾಕ್ಟೀರಿಯಾವನ್ನು ಬೆಳೆಸುವ ಯಾವ ಪ್ರಯೋಗವನ್ನೂ ಮಾಡಬಾರದು. ಕೆಳಗಿನ ಮೂರಕ್ಕೂ ಬ್ಯಾಕ್ಟೀರಿಯಾ ಬೇಕಿಲ್ಲ.

*ಚಟುವಟಿಕೆ 1: ಉಪಕರಣ ಪೆಟ್ಟಿಗೆ.* ಪ್ರತಿ ಗುಂಪಿಗೂ ಕಾರ್ಡುಗಳನ್ನು ಕೊಡಿ: ಫಿಮ್‌ಎಚ್, ಪ್ಯಾಪ್, ಸಿಡರೊಫೋರ್, ಹೀಮೊಲೈಸಿನ್, ಕೊಆಗ್ಯುಲೇಸ್, ಪ್ರೋಟೀನ್-ಎ, ಆಲ್ಫಾ ವಿಷ. ಪ್ರತಿ ಕಾರ್ಡಿನ ಹಿಂದೆ ಅದರ ಕೆಲಸವನ್ನು ಒಂದು ಸಾಲಿನಲ್ಲಿ ಬರೆದಿರಲಿ. ಮಕ್ಕಳು ಅವನ್ನು ಅಂಟು, ಆಹಾರ, ಆಯುಧ, ಅಡಗು ಎಂಬ ನಾಲ್ಕು ಪೆಟ್ಟಿಗೆಗೆ ಹಾಕಬೇಕು. ನಂತರ ಒಂದು ಕಾರ್ಡನ್ನು ಶಿಕ್ಷಕರು ಕಸಿದುಕೊಂಡು "ಈಗ ಈ ಬ್ಯಾಕ್ಟೀರಿಯಾ ಎಲ್ಲಿ ಸೋಲುತ್ತದೆ?" ಎಂದು ಕೇಳಬೇಕು. ಫಾಲ್ಕೋ ಅವರ ಎರಡನೇ ಪ್ರಶ್ನೆ ಇಲ್ಲಿ ಆಟವಾಗುತ್ತದೆ.

*ಚಟುವಟಿಕೆ 2: ಮಗುಚುವ ಸ್ವಿಚ್.* ಉದ್ದನೆಯ ಕಾಗದದ ಪಟ್ಟಿಯ ನಡುವೆ ಬಾಣದ ಗುರುತಿರುವ ತುಂಡನ್ನು ಗುಂಡುಸೂಜಿಯಿಂದ ಸಿಕ್ಕಿಸಿ. ಬಾಣ ಜೀನಿನ ಕಡೆಗಿದ್ದರೆ ಚಾಲೂ, ತಿರುಗಿಸಿದರೆ ಬಂದ್.

*ಚಟುವಟಿಕೆ 3: ಸೋಯಾ ಮತ್ತು ಯೂರಿಯಾ.* ಪ್ರೋಟಿಯಸ್ ಮಿರಾಬಿಲಿಸ್ ಎಂಬ ಬ್ಯಾಕ್ಟೀರಿಯಾ ಮೂತ್ರನಾಳಕ್ಕೆ ಸೇರಿದರೆ, ಅದರ ಯೂರಿಯೇಸ್ ಕಿಣ್ವ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಪ್ರತ್ಯಾಮ್ಲೀಯವಾಗಿ, ಮೆಗ್ನೀಸಿಯಮ್ ಅಮೋನಿಯಮ್ ಫಾಸ್ಫೇಟ್ ಹರಳುಗಟ್ಟಿ ಕಲ್ಲಾಗುತ್ತದೆ. ರೋಗಿಗಳಿಗೆ ಹಾಕಿದ ಮೂತ್ರದ ಕೊಳವೆಯೂ ಕಟ್ಟಿಕೊಳ್ಳುತ್ತದೆ. ಹಸಿ ಸೋಯಾ ಕಾಳಿನಲ್ಲೂ ಯೂರಿಯೇಸ್ ಇದೆ. ಕಾಳನ್ನು ನೆನೆಸಿ ಅರೆದು ಎರಡು ಪಾಲು ಮಾಡಿ. ಒಂದನ್ನು ಚೆನ್ನಾಗಿ ಕುದಿಸಿ ಆರಿಸಿ. ಎರಡನ್ನೂ ಯೂರಿಯಾ ದ್ರಾವಣಕ್ಕೆ ಹಾಕಿ, ಕೆಂಪು ಲಿಟ್ಮಸ್ ಅದ್ದಿ ನೋಡಿ. ಹಸಿ ಪಾಲಿನಲ್ಲಿ ಲಿಟ್ಮಸ್ ನಿಧಾನವಾಗಿ ನೀಲಿಯಾಗುತ್ತದೆ, ಕುದಿಸಿದ್ದರಲ್ಲಿ ಕಿಣ್ವ ಕೆಟ್ಟಿರುವುದರಿಂದ ಆಗುವುದಿಲ್ಲ. ಅಂಗಡಿಯ ಸೋಯಾ ಹಿಟ್ಟು ಹುರಿದದ್ದಾಗಿರಬಹುದು. ಇಡೀ ಕಾಳನ್ನೇ ತರಬೇಕು. ಒಂದು ಜೀನಿನ ಒಂದೇ ಉತ್ಪನ್ನ ಸುತ್ತಲಿನ ರಸಾಯನವನ್ನೇ ಬದಲಿಸುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಬಿಡಿಸಬೇಕಾದ ಒಂದು ಗೊಂದಲ

"ಔಷಧಿಗೆ ಬಗ್ಗದ ಕೀಟಾಣು ಎಂದರೆ ಹೆಚ್ಚು ಉಗ್ರ ಕೀಟಾಣು" ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ತಿಳಿದಿರುತ್ತಾರೆ. ಸ್ಟೆಫೈಲೊಕಾಕಸ್‌ನ ಮೆಕ್-ಎ ಜೀನ್ ಮೆಥಿಸಿಲಿನ್ ಗುಂಪಿನ ಔಷಧಗಳು ನಾಟದಂತೆ ಮಾಡುತ್ತದೆ. ಅದು ನಮ್ಮ ಜೀವಕೋಶಕ್ಕೆ ನೇರವಾಗಿ ಏನೂ ಮಾಡುವುದಿಲ್ಲ. ಆಲ್ಫಾ ವಿಷದ ಜೀನ್ ಜೀವಕೋಶವನ್ನು ಕೊರೆಯುತ್ತದೆ; ಔಷಧಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಗುರಾಣಿ, ಇನ್ನೊಂದು ಕತ್ತಿ. ಎರಡೂ ಒಂದೇ ತಳಿಯಲ್ಲಿ ಸೇರಿದಾಗ ಚಿಕಿತ್ಸೆ ಕಷ್ಟ. ಅನಗತ್ಯವಾಗಿ ಪ್ರತಿಜೈವಿಕ ನುಂಗುವುದು, ಮನೆಯಲ್ಲಿ ಉಳಿದ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡುವುದು ಗುರಾಣಿ ಇರುವ ತಳಿಗಳಿಗೆ ಅನುಕೂಲ ಮಾಡಿಕೊಡುತ್ತದೆ. ಚಟುವಟಿಕೆ 1ಕ್ಕೆ ಮೆಕ್-ಎ ಕಾರ್ಡನ್ನು ಕೊನೆಗೆ ಸೇರಿಸಿ. ಅದು ನಾಲ್ಕು ಪೆಟ್ಟಿಗೆಯಲ್ಲಿ ಯಾವುದಕ್ಕೂ ಹೊಂದದು. ಮಕ್ಕಳೇ ಐದನೇ ಪೆಟ್ಟಿಗೆ ಕೇಳಿದರೆ ಉದ್ದೇಶ ಈಡೇರಿತು.

ಪ್ರಶ್ನೆಪೆಟ್ಟಿಗೆ: ಮುಜುಗರದ ವಿಷಯವನ್ನು ತರಗತಿಗೆ ತರುವುದು

ಮೂತ್ರದ ಮಾತು ಬಂದಾಗ ತರಗತಿಯ ಒಂದು ಬದಿ ನಗುತ್ತದೆ, ಇನ್ನೊಂದು ಬದಿ ತಲೆ ತಗ್ಗಿಸುತ್ತದೆ. ಹಾಗಾಗಿ ಎರಡನೇ ಅವಧಿಯ ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರಿಲ್ಲದೆ ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕಲು ಹೇಳಿದೆ. ಪ್ರಶ್ನೆ ಇಲ್ಲದವರೂ ಖಾಲಿ ಚೀಟಿಯನ್ನೇ ಹಾಕಬೇಕು. ಆಗ ಯಾರು ಬರೆದರೆಂಬುದು ಗೊತ್ತಾಗುವುದಿಲ್ಲ.

ಒಂದು ಚೀಟಿ ಹೀಗಿತ್ತು: "ಹರಿವು ಎಳೆದಷ್ಟೂ ಫಿಮ್‌ಎಚ್ ಬಿಗಿಯಾಗುವುದಾದರೆ ನೀರು ಕುಡಿದು ಏನು ಪ್ರಯೋಜನ?" ಇಡೀ ಪಾಠವನ್ನು ಪರೀಕ್ಷೆಗೊಡ್ಡುವ ಪ್ರಶ್ನೆ ಇದು. ಉತ್ತರ ಪಾಠದೊಳಗೇ ಇದೆ. ಸ್ವಿಚ್ ಮಗುಚಿರುವ ಬ್ಯಾಕ್ಟೀರಿಯಾಗಳಿಗೆ ಎಳೆಗಳಿಲ್ಲ. ಅಂಟದವು, ಬಿಟ್ಟುಕೊಂಡವು ಹರಿವಿನಲ್ಲಿ ಹೋಗುತ್ತವೆ. ಜೊತೆಗೆ ನಮ್ಮ ಮೂತ್ರಪಿಂಡವೇ ಯೂರೊಮಾಡ್ಯುಲಿನ್ ಎಂಬ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತದೆ. ಅದರ ಮೈಮೇಲೂ ಮ್ಯಾನೋಸ್ ಇದೆ. ಫಿಮ್‌ಎಚ್ ಗೋಡೆಯೆಂದು ಭ್ರಮಿಸಿ ಅದಕ್ಕೆ ಅಂಟಿಕೊಂಡರೆ, ಬ್ಯಾಕ್ಟೀರಿಯಾ ಮೂತ್ರದ ಜೊತೆ ಹೊರಗೆ ಹೋಗುತ್ತದೆ. ಆದರೆ ಮೂತ್ರ ಹೊರಗೆ ಹೋದರೆ ಮಾತ್ರ ಈ ಉಪಾಯ ಫಲಿಸುತ್ತದೆ.

ಇದಕ್ಕೆ ಅಂಕಿ-ಅಂಶದ ಬೆಂಬಲವೂ ಇದೆ. ಪದೇಪದೇ ಮೂತ್ರಕೋಶದ ಸೋಂಕಾಗುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿ ದಿನಕ್ಕೆ 1.5 ಲೀಟರ್ ಹೆಚ್ಚುವರಿ ನೀರು ಕುಡಿದರು. 12 ತಿಂಗಳಲ್ಲಿ ಅವರಿಗೆ ಸರಾಸರಿ 1.7 ಬಾರಿ, ಉಳಿದವರಿಗೆ 3.2 ಬಾರಿ ಸೋಂಕಾಯಿತು. ಇದನ್ನು ಸ್ತಂಭಾಲೇಖ ಬರೆಯುವ ಗೃಹಪಾಠವಾಗಿ ಕೊಡಬಹುದು. ಅಧ್ಯಯನ ನಡೆದದ್ದು ವಯಸ್ಕರಲ್ಲಿ, ಅದೂ ಸೋಂಕು ಮರುಕಳಿಸುತ್ತಿದ್ದವರಲ್ಲಿ ಎಂಬುದನ್ನು ಮಕ್ಕಳು ಗಮನಿಸಬೇಕು.

ಇನ್ನೊಂದು ಚೀಟಿಯಲ್ಲಿ ಇದ್ದದ್ದು: "ಶಾಲೆಯಲ್ಲಿ ಶೌಚಾಲಯಕ್ಕೆ ಹೋಗಬಾರದು ಅಂತ ಬೆಳಗ್ಗೆಯಿಂದ ನೀರು ಕುಡಿಯಲ್ಲ. ತೊಂದರೆ ಆಗುತ್ತಾ?" ಬೇರೆ ಕೈಬರಹದಲ್ಲಿ ಇದೇ ಅರ್ಥದ ಚೀಟಿಗಳು ಇನ್ನೂ ಇದ್ದವು. ಇದಕ್ಕೆ ತರಗತಿಯಲ್ಲಿ ಹೇಳಬೇಕಾದ ಉತ್ತರ ಸ್ಪಷ್ಟ. ಹೌದು, ದೇಹದ ತೊಳೆಯುವ ವ್ಯವಸ್ಥೆಯನ್ನು ನಿಲ್ಲಿಸಿದಂತಾಗುತ್ತದೆ. ಸೋಂಕು ತಗಲಿದರೆ ಅದು ಯಾರ ಕೊಳಕುತನದ ಗುರುತೂ ಅಲ್ಲ. ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುವಂಥದ್ದು, ಹಾದಿ 4 ಸೆಂ.ಮೀ. ಮಾತ್ರ. ಉರಿ, ಜ್ವರ, ಬೆನ್ನಿನ ಪಕ್ಕದ ನೋವು ಇದ್ದರೆ ಮನೆಯಲ್ಲಿ ಹೇಳಿ ವೈದ್ಯರ ಬಳಿ ಹೋಗಬೇಕು.

ಆದರೆ ನೀರು ಕುಡಿಯಿರಿ ಎಂಬ ಉಪದೇಶವಷ್ಟೇ ಸಾಲದು ಎಂಬುದೂ ಆ ಚೀಟಿಗಳಲ್ಲಿತ್ತು. ಮಾರ್ಗದರ್ಶಕ ಶಿಕ್ಷಕಿಯವರಿಗೆ ಅವನ್ನು ತೋರಿಸಿದೆ. ಬಾಲಕಿಯರ ಶೌಚಾಲಯದ ಬೀಗದ ಕೈ ಸಿಬ್ಬಂದಿ ಕೊಠಡಿಯಲ್ಲಿರುತ್ತಿತ್ತು. ಪ್ರತಿ ಸಲ ಎಲ್ಲರೆದುರು ಬಂದು ಕೇಳಬೇಕಿತ್ತು. ಅವರು ಮುಖ್ಯ ಶಿಕ್ಷಕರೊಡನೆ ಮಾತನಾಡಿದ ಮೇಲೆ, ಶಾಲೆಯ ಅವಧಿಯಲ್ಲಿ ಬೀಗ ಹಾಕುವುದನ್ನು ನಿಲ್ಲಿಸಿದರು.

ಮೌಲ್ಯಮಾಪನ

1. ಇಬ್ಬರ ಕರುಳಿನಲ್ಲೂ ಇ. ಕೋಲೈ ಇದೆ. ಒಬ್ಬರಿಗೆ ಮಾತ್ರ ಮೂತ್ರನಾಳದ ಸೋಂಕಾಯಿತು. ಸಾಧ್ಯವಿರುವ ಎರಡು ಕಾರಣಗಳನ್ನು ಬರೆಯಿರಿ.
2. ಒಂದು ತಳಿಯ ಪ್ಯಾಪ್ ಜೀನ್ ಕೆಡಿಸಿದರು. ಮೂತ್ರಪಿಂಡದ ಸೋಂಕು ಕಡಿಮೆಯಾಯಿತು. ಈ ಜೀನೇ ಕಾರಣವೆಂದು ಖಚಿತಪಡಿಸಲು ಮುಂದೆ ಏನು ಮಾಡಬೇಕು?
3. ಮೆಕ್-ಎ ಉಗ್ರತೆಯ ಜೀನ್ ಅಲ್ಲ. ಏಕೆ?
4. ಕುದಿಸಿದ ಸೋಯಾ ಪಾಲು ಇಲ್ಲದಿದ್ದರೆ ಚಟುವಟಿಕೆ 3ರ ತೀರ್ಮಾನದಲ್ಲಿ ಏನು ಕೊರತೆ ಇರುತ್ತಿತ್ತು?

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠದಲ್ಲಿ ಹೆಸರುಗಳು ಹೆಚ್ಚು. ಅವನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ; ಕಾರ್ಡಿನ ಮೇಲೆ ಇದ್ದರೆ ಸಾಕು. ಮಕ್ಕಳು ಪ್ರತಿ ಜೀನಿನ ಬಗ್ಗೆಯೂ "ಇದು ಏನು ಮಾಡುತ್ತದೆ, ಎಲ್ಲಿ?" ಎಂದು ಕೇಳುವಂತಾಗಬೇಕು. ಸಮಯ ಕಡಿಮೆಯಿದ್ದರೆ ವಿಷಯ ವಿಶ್ಲೇಷಣೆಯ ಇ ಭಾಗವನ್ನು ಸಂಕ್ಷೇಪಿಸಬಹುದು. ಪಿಯುಸಿಯಲ್ಲಿ ಗ್ರಿಫಿತ್ ಅವರ 1928ರ ಪ್ರಯೋಗ ಬರುತ್ತದೆ. ಅಲ್ಲಿ ಇಲಿಗಳನ್ನು ಕೊಂದ ಬ್ಯಾಕ್ಟೀರಿಯಾದ ಕವಚವೂ ಉಗ್ರತೆಯ ಜೀನ್‌ಗಳ ಫಲವೇ ಆದ್ದರಿಂದ ಈ ಪಾಠ ಅಲ್ಲಿಗೆ ಮೆಟ್ಟಿಲಾಗುತ್ತದೆ. ಪ್ರಶ್ನೆಪೆಟ್ಟಿಗೆಯನ್ನು ಮಾತ್ರ ಬಿಡಬೇಡಿ. ಅದಕ್ಕೆ ಹತ್ತು ನಿಮಿಷ ಸಾಕು, ಮತ್ತು ಚೀಟಿಗಳನ್ನು ಓದಿದ ಮೇಲೆಯೇ ಮೂರನೇ ಅವಧಿಯ ಪಾಠಟಿಪ್ಪಣಿಯನ್ನು ಬರೆಯಿರಿ.